ಎಣ್ಣೆ ಬೀಳದ ಕೈ

ನಮ್ಮ ಮನೆಯವರು ರಜೆಗೆ ಹಿಂದೂಪುರಕ್ಕೆ ಬಂದರೆ ಸಾಕು, ಬೀದಿಯವರೆಲ್ಲ ಕೇಳುವುದು ಒಂದೇ ಮಾತು. ಚೆನ್ನಾಗಿದ್ದೀರಾ ಅಂತಲ್ಲ, ಊಟ ಆಯ್ತಾ ಅಂತಲೂ ಅಲ್ಲ. "ಬಿತ್ತಾ?"

ನಮ್ಮ ಕಡೆ ಬೋರ್ ಕೊರೆಸಿದಾಗ ನೀರು ಸಿಕ್ಕಿತು ಅನ್ನುವುದಿಲ್ಲ, ನೀರು ಬಿತ್ತು ಅನ್ನುತ್ತೇವೆ. ತೆಲುಗಿನಲ್ಲೂ ಹಾಗೇ. ನಮ್ಮ ಮನೆಯವರದು ನೀರಿನ ಕೆಲಸವಲ್ಲ, ಎಣ್ಣೆಯದು. ಭೂವಿಜ್ಞಾನ ಓದಿದವರು. ಎಣ್ಣೆ, ಗ್ಯಾಸ್ ಹುಡುಕುವ ಒಂದು ಸಣ್ಣ ವಿದೇಶಿ ಕಂಪನಿಯಲ್ಲಿದ್ದಾರೆ. ಬಾವಿ ಕೊರೆಯುವ ಕಡೆಯಲ್ಲೇ ಕ್ಯಾಂಪಿನಲ್ಲಿದ್ದು, ಕೆಳಗಿನಿಂದ ಮೇಲೆ ಬರುವ ಕಲ್ಲಿನ ಚೂರು ನೋಡಿ, ಒಳಗೆ ಏನಿದೆ, ಇನ್ನೂ ಕೊರೆಯಬೇಕೇ ಬೇಡವೇ ಎಂದು ಹೇಳುವುದು ಅವರ ಕೆಲಸ. ಕೆಲವು ವಾರ ಅಲ್ಲಿ, ಕೆಲವು ವಾರ ಇಲ್ಲಿ. ಬೀದಿಯವರಿಗೆ ಇದೆಲ್ಲ ಬೇಕಿಲ್ಲ. ಬೋರ್ ಅಂದರೆ ಬೋರು. ಎದುರು ಮನೆಯ ಮಗ್ಗದ ಯಜಮಾನರಂತೂ ಇವರು ಆಟೋದಿಂದ ಸೂಟ್‌ಕೇಸ್ ಇಳಿಸುವ ಮೊದಲೇ ಹೊರಗೆ ಬಂದು ನಿಲ್ಲುತ್ತಿದ್ದರು.

"ಏನಪ್ಪಾ, ಈ ಸಲಿ ಬಿತ್ತಾ?"

"ಇಲ್ಲ ಮಾವ, ಡ್ರೈ."

"ಪಾಪಂ," ಅನ್ನುತ್ತಾ ಅವರು ಒಳಗೆ ಹೋಗುತ್ತಿದ್ದರು, ಸಾವಿನ ಮನೆಗೆ ಬಂದು ಮುಖ ತೋರಿಸಿ ಹೋದವರ ಹಾಗೆ.

ನನಗೆ ಮೈಯೆಲ್ಲ ಉರಿ. ನಾನೂ ನೇಯ್ಗೆಯವರ ಮನೆಯಲ್ಲೇ ಹುಟ್ಟಿದವಳು. ಈಗ ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜ್ ಒಂದರ ಆಫೀಸಿನಲ್ಲಿ ಕೆಲಸ. ಬೆಳಿಗ್ಗೆಯಿಂದ ಸಂಜೆವರೆಗೆ ಮಂಡಿಯವರ ಜೊತೆ ಬಾಯಿ ಮಾಡುವವಳಿಗೆ ಮಾತಿಗೇನೂ ಬರವಿಲ್ಲ. "ನಿಮ್ಮ ಮಗ್ಗದಾಗೆ ದಾರ ಕಿತ್ರೆ ನಾವು ದಿನಾ ಬಂದು ಕೇಳ್ತೀವಾ ಮಾವ?" ಎಂದು ಒಂದು ಸಲ ಕೇಳಿಯೇಬಿಟ್ಟೆ. ಅವರು ನಕ್ಕರು. "ಕ್ವಾಪ ಮಾಡ್ಕಬ್ಯಾಡ ಕಣಮ್ಮ. ನಿನ್ನ ಗಂಡಂಗೆ ಬಿದ್ರೆ ನಮ್ಮ ಬೀದಿಗೇ ಬಿದ್ದಂಗೆ," ಅಂದರು. ಅಂಥವರ ಮೇಲೆ ಎಷ್ಟು ಹೊತ್ತು ಕೋಪ ಇಟ್ಟುಕೊಳ್ಳಲಾಗುತ್ತದೆ?

ಕಂಪನಿ ಸಣ್ಣದು, ಆದರೆ ಅದು ಚಾಚಿಕೊಂಡದ್ದು ಬಹಳ ಉದ್ದ. ಬೇರೆ ಬೇರೆ ದೇಶದ ಸರಕಾರಗಳಿಂದ ಹುಡುಕುವ ಲೈಸೆನ್ಸ್ ಪಡೆಯುವುದು, ಕಡಿಮೆ ಖರ್ಚಿನ ಕೆಲಸವನ್ನೆಲ್ಲ ತಾನೇ ಮಾಡುವುದು, ನಿಜವಾಗಿ ಬಾವಿ ಕೊರೆಯುವ ಹೊತ್ತಿಗೆ ಯಾವುದಾದರೂ ದೊಡ್ಡ ಕಂಪನಿಯನ್ನು ಪಾಲಿಗೆ ಸೇರಿಸಿಕೊಳ್ಳುವುದು. ನಮ್ಮಲ್ಲಿ ಹೊಲ ಇದ್ದವರು ಎತ್ತು ಇದ್ದವರಿಗೆ ಪಾಲಿಗೆ ಕೊಡುತ್ತಾರಲ್ಲ, ಅದೇ ವ್ಯವಹಾರ. ಎಲ್ಲೋ ಒಂದು ಕಡೆ ಬಿದ್ದರೆ ಉಳಿದ ಕಡೆಯದೆಲ್ಲ ಅದರಲ್ಲಿ ಮುಚ್ಚಿಹೋಗುತ್ತದೆ ಎಂಬ ನಂಬಿಕೆಯ ಮೇಲೆ ಅಷ್ಟೂ ಜನರ ಸಂಸಾರ ನಡೆಯಬೇಕು.

ಅವರ ವೆಬ್‌ಸೈಟಿನಲ್ಲಿ ‘ಪ್ರಾಜೆಕ್ಟ್ ಪೋರ್ಟ್‌ಫೋಲಿಯೊ’ ಅಂತ ಒಂದು ಪುಟ ಇದೆ. ಪ್ರಪಂಚದ ನಕ್ಷೆ, ಅದರ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು. ಚುಕ್ಕೆ ಒತ್ತಿದರೆ ಹೆಲ್ಮೆಟ್ ಹಾಕಿಕೊಂಡು ನಗುವವರ ಫೋಟೊ, ಕೆಳಗೆ ಆ ಜಾಗದ ವಿವರ. ಅಲ್ಲಿ ಇಲ್ಲ ಅನ್ನುವ ಮಾತೇ ಇಲ್ಲ. ಎಲ್ಲವೂ ಭರವಸೆ ಹುಟ್ಟಿಸುವ ಪ್ರದೇಶಗಳೇ. ಬಾವಿ ಒಣಗಿದ್ದೆಂದು ಗೊತ್ತಾದ ಮೇಲೆ ಭರವಸೆ ಹೋಗಿ ‘ಮರುಪರಿಶೀಲನೆಯಲ್ಲಿದೆ’ ಅಂತ ಬರುತ್ತದೆ. ಸ್ವಲ್ಪ ದಿನದಲ್ಲಿ ಚುಕ್ಕೆಯೇ ಇರುವುದಿಲ್ಲ. ಆಫೀಸಿನಲ್ಲಿ ಬಿಡುವಾದಾಗ ನಾನು ಆ ಪುಟ ತೆಗೆದು ನೋಡುತ್ತಿದ್ದೆ. ನಮ್ಮ ಮನೆಯವರು ಫೋನಿನಲ್ಲಿ "ಎಲ್ಲ ಸರಿಯಾಗಿದೆ" ಅನ್ನುವುದಕ್ಕಿಂತ ಆ ಚುಕ್ಕೆಗಳ ಮಾತನ್ನೇ ನಾನು ಹೆಚ್ಚು ನಂಬುತ್ತಿದ್ದೆ.

ಇಂಥ ಬಾವಿಗಳಲ್ಲಿ ಬೀಳುವುದಕ್ಕಿಂತ ಬೀಳದೆ ಇರುವುದೇ ಹೆಚ್ಚು, ಅದು ಈ ಕೆಲಸದ ಗುಣವೇ ಹಾಗೆ ಎಂದು ಮದುವೆಯಾದ ಹೊಸದರಲ್ಲಿ ಅವರೇ ನನಗೆ ಬಿಡಿಸಿ ಹೇಳಿದ್ದರು. ಹೇಳುವಾಗ ಕಣ್ಣಲ್ಲಿ ಹೊಳಪಿತ್ತು. ಆಮೇಲೆ ಒಂದು ಕಡೆ ಕಡಲಿನೊಳಗೆ ಕೊರೆದರು, ಬರೀ ಉಪ್ಪುನೀರು. ಇನ್ನೊಂದು ಕಡೆ ಹಿಮ ಬೀಳುವ ಬಯಲಿನಲ್ಲಿ ಗ್ಯಾಸ್ ಬಂತು, ನಿನ್ನ ಅಡುಗೆಮನೆಗೆ ಸಾಕಾಗುವಷ್ಟು ಎಂದು ನಕ್ಕರು. ಆಫ್ರಿಕಾದ ಪೂರ್ವ ಭಾಗದ ಒಂದು ಒಣ ನಾಡಿನಲ್ಲಿ ತುಂಬ ಆಸೆ ಇಟ್ಟುಕೊಂಡಿದ್ದರು. ಅದೂ ಡ್ರೈ. ಅಲ್ಲಿಂದ ಬಂದ ಮೇಲೆ ನಗುವುದನ್ನೂ ಬಿಟ್ಟರು.

ಇಲ್ಲಿ ನಮ್ಮತ್ತೆಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅತ್ತೆ ಇರುವುದು ಕಲ್ಯಾಣದುರ್ಗದಲ್ಲಿ, ದೊಡ್ಡ ಮಗನ ಮನೆಯಲ್ಲಿ. ನಮ್ಮ ಬಾವನಿಗೆ ಅಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಅತ್ತೆಯದು ಕೈಗುಣ ಅಂತ ಸುತ್ತಲ ಹಳ್ಳಿಗೆಲ್ಲ ಹೆಸರು. ತೆಲುಗಿನವರು ಹಸ್ತವಾಸಿ ಅನ್ನುತ್ತಾರೆ. ನೀರು ನೋಡುವವರು ಪಾಯಿಂಟ್ ಗುರುತು ಮಾಡಿದ ಜಾಗಕ್ಕೆ ಬೋರ್ ಲಾರಿ ಬಂದು ನಿಂತ ಮೇಲೆ, ಮೊದಲ ರಾಡ್ ಇಳಿಯುವ ಮುಂಚೆ, ಕೈಗುಣ ಇರುವವರಿಂದ ಅಲ್ಲಿ ಒಂದು ಚೊಂಬು ನೀರು ಹುಯ್ಯಿಸುವುದು ಆ ಕಡೆಯ ಪದ್ಧತಿ. ಅತ್ತೆಯನ್ನು ಕರೆಯಲು ಜನ ಟ್ರ್ಯಾಕ್ಟರ್ ತರುತ್ತಿದ್ದರು, ಕಾರು ತರುತ್ತಿದ್ದರು. ಮಾವ ತೀರಿಕೊಂಡ ಮೇಲೆ ಬೇರೆ ಯಾವ ಶುಭಕ್ಕೂ ಅವರನ್ನು ಮುಂದೆ ಕರೆಯದ ನೆಂಟರೇ, ಬೋರ್ ಹಾಕಿಸುವಾಗ ಮಾತ್ರ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಬಿದ್ದರೆ ಅತ್ತೆಯ ಕೈ, ಬೀಳದಿದ್ದರೆ ಪಾಯಿಂಟ್ ಇಟ್ಟವನ ತಪ್ಪು. ಒಳ್ಳೇ ಉದ್ಯೋಗ ಅತ್ತೆ ನಿಮ್ಮದು, ನಷ್ಟವೇ ಇಲ್ಲ ಎಂದು ನಾನು ರೇಗಿಸುತ್ತಿದ್ದೆ. "ನಂಗೇನು ಗೊತ್ತು ಕಣಮ್ಮ, ಕರೀತಾರೆ, ಹೋಯ್ತೀನಿ," ಅನ್ನುತ್ತಿದ್ದರು.

ನಾನು ಕೈಗುಣ ನಂಬುವವಳಲ್ಲ. ನನಗೆ ಬೇಸರವಾದದ್ದು, ಭೂಮಿಯನ್ನೇ ಓದಿದ ನಮ್ಮ ಮನೆಯವರು ಅದನ್ನು ನಂಬತೊಡಗಿದಾಗ.

ಅದು ಶುರುವಾದದ್ದು ಒಂದು ಮದುವೆ ಮನೆಯಲ್ಲಿ. ಅವರ ಚಿಕ್ಕಪ್ಪನ ಮೊಮ್ಮಗಳ ಮದುವೆ. ಹಂದರದ ಕಂಬ ನೆಡುವಾಗ ಗಂಡಸರೆಲ್ಲ ಒಂದೊಂದು ಕೈ ಹಾಕುತ್ತಿದ್ದರು. ಇವರೂ ಹೋದರು. ಹಿರಿಯರೊಬ್ಬರು ತಮಾಷೆಯ ದನಿಯಲ್ಲೇ, "ನೀನು ಒಸಿ ಹಿಂದ್ಕೆ ನಿಂತ್ಕಳಪ್ಪ, ನಿನ್ನ ಕೈ ನೆಲಕ್ಕಾಗಿ ಬರಾಕಿಲ್ಲ," ಅಂದುಬಿಟ್ಟರು. ಸುತ್ತ ನಗು. ಇವರೂ ನಕ್ಕು ಹಿಂದೆ ಸರಿದರು. ನಾನು ಹೆಂಗಸರ ನಡುವೆ ಅರಿಶಿನದ ತಟ್ಟೆ ಹಿಡಿದು ನಿಂತಿದ್ದೆ. ಆ ತಟ್ಟೆಯನ್ನು ಆ ಹಿರಿಯರ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು.

ಆಮೇಲೆ ನಾನು ಗಮನಿಸತೊಡಗಿದೆ. ಮಗಳು ಸ್ಕೂಟರ್ ಕೊಂಡಾಗ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಅಪ್ಪ ನೀನೇ ಮೊದಲು ಓಡಿಸು ಎಂದಳು. ಇವರು ಬೆನ್ನು ನೋವು ಅಂದರು. ಪಕ್ಕದ ಮನೆಯವರು ಅಂಗಡಿ ತೆರೆದಾಗ ಬೋಣಿಗೆ ಮಾಡಲು ಕರೆದರೆ ನನ್ನನ್ನು ಕಳಿಸಿದರು. ಹಬ್ಬದಲ್ಲಿ ತೆಂಗಿನಕಾಯಿ ಒಡೆಯುವುದು ನಿಂತೇ ಹೋಯಿತು. ಕೊನೆಗೊಂದು ದಿನ ಅವರೇ ಸಹಜವಾಗಿ ಹೇಳಿದ ಹಾಗೆ ಹೇಳಿದರು: ಮುಂದಿನ ಬಾವಿಗೆ, ಕೊರೆಯುವುದು ಶುರುವಾದ ಮೇಲೆಯೇ ತಾನು ಹೋಗುವುದಾಗಿ ಆಫೀಸಿಗೆ ಬರೆದಿದ್ದಾರಂತೆ. ಶುರುವಿನ ಹೊತ್ತಿಗೆ ತಾನು ಅಲ್ಲಿರುವುದು ಬೇಡ ಅಂತ.

"ಭೂಮಿ ಓದಿದವ್ರು ನೀವು," ಅಂದೆ. "ನಿಮ್ಮ ಕೈ ನೋಡ್ಕೊಂಡು ಆ ಕಲ್ಲು ಎಣ್ಣೆ ಇಟ್ಕೊಂಡಿರುತ್ತಾ?"

"ಗೊತ್ತು," ಅಂದರು. "ಗೊತ್ತಿದ್ದೂ ಹಂಗನ್ನಿಸ್ತದೆ. ನಾನೇನು ಮಾಡ್ಲಿ?"

ನನಗೆ ಅಳು ಬಂತು. ಕೋಪದ ಅಳು. ಅವರು ಬದುಕಿನಲ್ಲಿ ಕಲಿತದ್ದೆಲ್ಲ ಒಬ್ಬ ಹಲ್ಲಿಲ್ಲದ ಮುದುಕನ ತಮಾಷೆಗೆ ಸೋತು ಕೂತಿತ್ತು.

ಹೋದ ವರ್ಷದಿಂದ ಅತ್ತೆಯ ಕೈ ನಡುಗುತ್ತದೆ. ಚೊಂಬು ಹಿಡಿದರೆ ಅರ್ಧ ನೀರು ಸೀರೆಯ ಮೇಲೆ. ಬಾವ ಹೊಸ ಮನೆ ಕಟ್ಟಲು ಸೈಟ್ ಮಾಡಿದ್ದರು, ಪಾಯ ತೆಗೆಯುವ ಮುಂಚೆ ಬೋರ್ ಹಾಕಿಸಬೇಕಿತ್ತು. ಅತ್ತೆ ಫೋನಿನಲ್ಲಿ, "ಇನ್ನು ನನ್ನ ಕೈಲಾಗಕಿಲ್ಲ. ಈ ಬೋರಿಗೆ ಮನೆಯೋರಾಗೇ ಯಾರ ಕೈಗಾದ್ರೂ ಚೊಂಬು ಕೊಟ್ಬುಡ್ತೀನಿ, ನೀವೂ ಬರ್ರಿ," ಅಂದರು. ಅತ್ತೆ ಯಾರ ಕೈಗೆ ಕೊಡುತ್ತಾರೋ, ಇನ್ನು ಮೇಲೆ ಊರವರು ಕರೆಯುವುದು ಅವರನ್ನೇ. ಅತ್ತೆಗೂ ಅವರ ಅತ್ತೆ ಹಾಗೇ ಕೊಟ್ಟದ್ದಂತೆ.

ಫೋನಿಟ್ಟ ಮೇಲೆ ನಮ್ಮ ಮನೆಯವರು ಅಡುಗೆಮನೆಗೆ ಬಂದು, ನಾನು ಹೆಚ್ಚುತ್ತಿದ್ದ ಹುರುಳಿಕಾಯಿ ಒಂದನ್ನು ಕೈಗೆತ್ತಿಕೊಂಡು ಮುರಿಯುತ್ತಾ ನಿಂತರು.

"ಅಮ್ಮ ನನಗೆ ಕೊಡ್ತಾಳಾ?"

ನಾನು ನಗಲು ಹೋದವಳು ಅವರ ಮುಖ ನೋಡಿದೆ. ಅವರಿಗೆ ಅದು ಎಷ್ಟು ಬೇಕಾಗಿತ್ತು ಎಂದು ನನಗೆ ಆಗ ತಿಳಿಯಿತು. ಅಮ್ಮ ನಾಲ್ಕು ಜನರ ಎದುರು ಆ ಚೊಂಬನ್ನು ತನ್ನ ಕೈಗೆ ಇಟ್ಟುಬಿಟ್ಟರೆ, ಹಂದರದ ಕಂಬದಿಂದ ಹಿಡಿದು ಒಣಗಿದ ಬಾವಿಗಳವರೆಗೆ ಎಲ್ಲಕ್ಕೂ ಉತ್ತರ ಸಿಕ್ಕಂತೆ. "ನಿಮಗಲ್ದೆ ಇನ್ಯಾರಿಗೆ?" ಅಂದೆ. ಅಂದ ಮೇಲೆ, ದೇವರೇ, ಕೊಟ್ಟುಬಿಡಲಪ್ಪ ಎಂದು ನನ್ನ ಮನಸ್ಸೂ ಬೇಡಿಕೊಂಡಿತು. ನಂಬದವಳ ಗತಿ ನೋಡಿ.

ಬೋರ್ ಹಾಕುವ ಹಿಂದಿನ ದಿನ ಮಧ್ಯಾಹ್ನಕ್ಕೆ ನಾವಿಬ್ಬರೂ ಕಲ್ಯಾಣದುರ್ಗ ಸೇರಿದೆವು. ಮಗಳಿಗೆ ಪರೀಕ್ಷೆ, ಬರಲಿಲ್ಲ. ಓರಗಿತ್ತಿ, ಅವರನ್ನು ನಾನು ಅಕ್ಕ ಅನ್ನುತ್ತೇನೆ, ಮುದ್ದೆ, ಸೊಪ್ಪಿನ ಸಾರು ಮಾಡಿದ್ದರು. ಉಂಡು ಎಲ್ಲರೂ ಜಗುಲಿಯಲ್ಲಿ ಕೂತೆವು. ಬೇಯಿಸಿದ ಕಡ್ಲೆಕಾಯಿಯನ್ನು ಮೊರದ ತುಂಬ ಸುರಿದಿದ್ದರು. ಅತ್ತೆ ಗೋಡೆಗೆ ಒರಗಿ, ನಡುಗುವ ಬೆರಳಲ್ಲೇ ಸುಲಿದು ಸುಲಿದು ಮಗನ ಮುಂದೆ ಬೀಜ ಗುಡ್ಡೆ ಹಾಕುತ್ತಿದ್ದರು. ಆ ಗುಡ್ಡೆ ನೋಡಿ ನನಗೆ ಧೈರ್ಯ ಬಂತು.

"ತೋರ್ಸ್ಲಾ, ಈಗ ಯಾವ್ಯಾವ ದೇಶ ಉಳ್ಕಂಡವೆ ನೋಡಾನ," ಅಂದರು ಬಾವ.

ಇವರು ಫೋನಿನಲ್ಲಿ ಆ ನಕ್ಷೆ ತೆಗೆದರು. ಚುಕ್ಕೆಗಳು ಬಹಳ ಕಡಿಮೆಯಾಗಿದ್ದವು. ಬಾವನ ಗ್ರೀಸ್ ಹಿಡಿದ ಬೆರಳು ಆಫ್ರಿಕಾದ ಮೇಲೆ ನಿಂತಿತು. "ಇದು ಹೋಗಿಲ್ವಾ?"

"ಹೋಯ್ತದೆ. ಇನ್ನೂ ತೆಗ್ದಿಲ್ಲ ಅಷ್ಟೇ."

ಒತ್ತಿದರೆ ಫೋಟೊ ಬಂತು. ಕೆಂಪು ಮಣ್ಣು, ಜಾಲಿಯಂಥ ಮುಳ್ಳಿನ ಗಿಡ, ನಡುವೆ ಆಕಾಶಕ್ಕೆ ನಿಂತ, ಬಾವಿ ಕೊರೆಯುವ ರಿಗ್ಗು. "ಅಯ್ಯೋ, ನಮ್ಮ ಕಂಬದೂರು ರೋಡ್ ಇದ್ದಂಗೇ ಐತಲ್ಲ!" ಎಂದು ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ಬಾವ ಫೋಟೊ ದೊಡ್ಡದು ಮಾಡಿ ನೋಡಿದರು. "ಅಲ್ಲಾ, ಇಷ್ಟು ದೊಡ್ಡ ಬೋರಿಗೆ ನೀರು ಬ್ಯಾಡ್ವಾ? ಈ ಕಾಡಾಗೆ ನೀರೆಲ್ಲಿಂದ ತಂದ್ರಿ?"

"ತರ್ಲಿಲ್ಲಣ್ಣ. ಮೊದ್ಲು ನೀರಿಗೇ ಒಂದು ಬೋರ್ ಹಾಕುದ್ವಿ. ಪಾಯಿಂಟ್ ನಾನೇ ಇಟ್ಟಿದ್ದು."

"ಬಿತ್ತಾ?"

"ಬೀಳ್ದೇನು! ರಿಗ್ಗಿಗೂ ಆಯ್ತು, ಕ್ಯಾಂಪಿಗೂ ಆಯ್ತು. ಅಷ್ಟು ತೆಗೆದ್ರೂ ಇಳೀಲೇ ಇಲ್ಲ."

ಬಾವ ತೊಡೆ ತಟ್ಟಿಕೊಂಡರು. "ನೀಳ್ಳು ಪಡ್ಡಾಯಿ ಕದರಾ, ನೀರು ಬಿತ್ತಲ್ಲೋ! ಇಷ್ಟು ವರ್ಷ ಬೀಳ್ಲಿಲ್ಲ ಬೀಳ್ಲಿಲ್ಲ ಅಂತ ಮಕ ಇಳಿ ಹಾಕ್ಕಂಡು ತಿರುಗ್ತಿದ್ಯಲ್ಲೋ!"

"ಅದು ಲೆಕ್ಕಕ್ಕೆ ಬರಕಿಲ್ಲಣ್ಣ, ಅದು ರಿಗ್ಗಿನ ನೀರು," ಅಂದರು ಇವರು. ಹಾಗೆ ಅನ್ನುತ್ತಿದ್ದಾಗಲೇ ಅವರ ಮುಖ ಅರಳತೊಡಗಿತು. ನಿಜಕ್ಕೂ ಅವರು ಅದನ್ನು ಎಂದೂ ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ಕಂಪನಿಯ ಪುಟದಲ್ಲಿ ಅದರ ಸುದ್ದಿ ಇಲ್ಲ, ನನಗೂ ಹೇಳಿರಲಿಲ್ಲ. ಎಣ್ಣೆ ಹುಡುಕಲು ಹೋದವರಿಗೆ ನೀರು ಬಿದ್ದದ್ದು ಬಿದ್ದ ಹಾಗೇ ಅನ್ನಿಸಿರಲಿಲ್ಲ. ಹಂಗಾದ್ರೆ ನಿಮ್ಮ ಕೈಗೂ ಬಿದ್ದೈತೆ ಬಿಡಿ ಎಂದು ಅಕ್ಕ ನಕ್ಕರು. ನಾನೂ ನಕ್ಕೆ. ಚೊಂಬು ಇನ್ನು ಇವರದೇ ಎಂದು ಆ ಗಳಿಗೆಯಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ.

ಅತ್ತೆ ಸುಲಿಯುವುದನ್ನು ನಿಲ್ಲಿಸಿದ್ದರು.

"ಈಗ ಆ ನೀರ್ನ ಯಾರು ಕುಡೀತವ್ರೆ?"

"ಈಗೆಲ್ಲಮ್ಮ, ಮುಚ್ಬುಟ್ವಿ," ಅಂದರು ಇವರು, ನಗು ಇನ್ನೂ ಮುಖದ ಮೇಲಿರುವಾಗಲೇ. "ಎಣ್ಣೆ ಬೀಳ್ಲಿಲ್ವಲ್ಲ, ಕ್ಯಾಂಪ್ ಎತ್ತಿದ್ವಿ. ಹೋಗ್ವಾಗ ನೆಲ ಹೆಂಗಿತ್ತೋ ಹಂಗೇ ಬಿಟ್ಟು ಹೋಗ್ಬೇಕು. ಇರೋ ತೂತೆಲ್ಲ ಸಿಮೆಂಟ್ ಹಾಕಿ ಮುಚ್ಚಿ, ಮ್ಯಾಲೆ ಕಬ್ಬಿಣದ ತಗಡು ವೆಲ್ಡ್ ಮಾಡ್ಬೇಕು. ಎಲ್ಲ ಕಡೆ ಅದೇ ರೂಲ್ಸು."

"ಅಲ್ಲಿ ಜನ ಇದ್ರೇನ್ಲಾ?"

"ಇದ್ರು. ಆಡು, ಒಂಟೆ ಸಾಕೋ ಜನ."

"ಆ ಹೆಂಗಸ್ರು ನಿಮ್ಮ ಬೋರ್ ನೀರು ಹಿಡ್ಕತಿದ್ರಾ?"

"ಗೇಟ್‌ತಾವ ಒಂದು ನಲ್ಲಿ ಹಾಕ್ಸಿದ್ದೆ. ಹಿಡ್ಕಂತಿದ್ರು."

"ಆಮ್ಯಾಕೆ?"

"ಆಮೇಲೆ..." ಇವರು ನನ್ನ ಮುಖ ನೋಡಿದರು. "ಮೊದ್ಲು ಎಲ್ಲಿಂದ ತರ್ತಿದ್ರೋ ಅಲ್ಲಿಂದ."

ಮಾತು ಬೇರೆ ಕಡೆಗೆ ತಿರುಗುತ್ತಿದೆ ಎಂದು ಇವರಿಗೂ ಗೊತ್ತಾಯಿತು. ಬಡಬಡ ಎಂದು ಹೇಳತೊಡಗಿದರು. ಆ ಊರಿನ ಹಿರಿಯರು ಬಂದು, ಎಣ್ಣೆಯದನ್ನು ಮುಚ್ಚಿಕೊಳ್ಳಿ, ನೀರಿನದನ್ನು ನಮಗೆ ಬಿಡಿ ಎಂದು ಕೇಳಿದ್ದು ನಿಜ. ತಾನು ಆಫೀಸಿಗೆ ಬರೆದಿದ್ದೂ ನಿಜ. ಲೈಸೆನ್ಸ್ ಮುಗಿಯುತ್ತಿದೆ, ನಾಳೆ ಆ ನೀರು ಕುಡಿದು ಯಾರಿಗಾದರೂ ಏನಾದರೂ ಆದರೆ ಕಂಪನಿಯ ಮೇಲೆ ಬರುತ್ತದೆ, ಮುಚ್ಚಿ ಎಂದು ಉತ್ತರ ಬಂತು. ಅದರಲ್ಲಿ ತಪ್ಪೇನಿಲ್ಲ, ನೋಡಿಕೊಳ್ಳುವವರಿಲ್ಲದ ಬೋರ್ ಕೆಡುತ್ತದೆ, ತಾನು ಹೇಳುವಷ್ಟು ಹೇಳಿದ್ದಾಗಿದೆ. ಕೇಳುತ್ತಿದ್ದ ನನಗೆ ಪ್ರತಿಯೊಂದು ಮಾತೂ ಸರಿಯಾಗಿಯೇ ಕಂಡಿತು. ಆದರೂ ಅವರು ಬೇಗ ನಿಲ್ಲಿಸಿದರೆ ಸಾಕು ಅನ್ನಿಸುತ್ತಿತ್ತು.

"ಸಿಮೆಂಟ್ ಹಾಕ್ವಾಗ ನೀನು ಅಲ್ಲೇ ಇದ್ದೇನ್ಲಾ?"

"ಇದ್ದೆ. ನಾನು ನಿಂತು ಹಾಕಿಸ್ಬೇಕು, ಅದು ನನ್ನ ಕೆಲ್ಸ."

ಅತ್ತೆ ಹೂ ಅಂದರು. ಮಡಿಲಲ್ಲಿದ್ದ ಸಿಪ್ಪೆ ಕೊಡವಿ, ಗೋಡೆ ಹಿಡಿದು ಎದ್ದು, ಎಮ್ಮೆಗೆ ಮೇವು ಹಾಕಲು ಹಿತ್ತಿಲಿಗೆ ಹೋದರು. ಬಾವ ಮಾತು ಬದಲಿಸಿ ಬೋರ್ ಲಾರಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳತೊಡಗಿದರು. ಸುಲಿದ ಬೀಜದ ಗುಡ್ಡೆ ಹಾಗೇ ಇತ್ತು, ಇವರು ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಇವರು ಎಲ್ಲರಿಗಿಂತ ಮೊದಲು ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು ಸೈಟಿಗೆ ಹೋಗಿದ್ದರು. ಪಂಚೆ ಉಡುವ ಅಭ್ಯಾಸ ಅವರಿಗಿಲ್ಲ. ಮತ್ತೆ ಮತ್ತೆ ಸೊಂಟ ಬಿಗಿ ಮಾಡಿಕೊಳ್ಳುತ್ತಾ ಹೊಂಗೆ ಮರದ ನೆರಳಿನಲ್ಲಿ ನಿಂತಿದ್ದರು. ಲಾರಿ ಬಂದು ಜಾಕ್ ಊರಿತು. ಬೀದಿಯವರು, ನೆಂಟರು, ಅಂಗಡಿಯ ಕೆಲಸದವರು ಎಲ್ಲ ಸೇರಿದರು. ಬಾವ ಪಾಯಿಂಟ್ ಮೇಲೆ ಅರಿಶಿನ ಕುಂಕುಮ ಹಾಕಿ, ಊದಿನಕಡ್ಡಿ ಹಚ್ಚಿದರು. ಅತ್ತೆ ಹಿತ್ತಾಳೆಯ ಚೊಂಬನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಬಂದರು. ನೀರು ಅಂಚಿನಿಂದ ತುಳುಕುತ್ತಿತ್ತು.

ಇವರು ಎರಡು ಹೆಜ್ಜೆ ಮುಂದೆ ಬಂದು ಕೈ ಒರೆಸಿಕೊಂಡರು.

ಅತ್ತೆ ಮಗನ ಮುಖವನ್ನು ನೆಟ್ಟಗೆ ನೋಡಿದರು. ನೋಡಲಿಲ್ಲ ಅನ್ನುವ ಹಾಗಿಲ್ಲ, ಬೇಕಷ್ಟು ಹೊತ್ತು ನೋಡಿದರು. ಆಮೇಲೆ ಅತ್ತ ತಿರುಗಿ, ಅಕ್ಕನನ್ನು ಕರೆದು, ಅವರ ಕೈಗೆ ಚೊಂಬು ಕೊಟ್ಟರು. "ಹುಯ್ಯಮ್ಮ," ಅಂದರು.

ಅಕ್ಕ ಗಾಬರಿಯಾಗಿ ಇವರತ್ತ ನೋಡಿ, ನನ್ನತ್ತ ನೋಡಿ, ಹುಯ್ದರು. ಇವರು ಮುಂದಿಟ್ಟ ಹೆಜ್ಜೆಯನ್ನು ಏನೋ ಕೆಲಸಕ್ಕೆ ಇಟ್ಟವರಂತೆ ಲಾರಿಯ ಕಡೆ ನಡೆದು, ಅದರ ಚಾಲಕನ ಜೊತೆ ಕಂಪ್ರೆಸರ್ ವಿಷಯ ಮಾತಾಡತೊಡಗಿದರು. ಮಷಿನ್ ಸದ್ದಿನಲ್ಲಿ ಅವರ ಮಾತು ಅವನಿಗೂ ಕೇಳಿಸಿರಲಾರದು. ಬೂದಿಯಂಥ ಕಲ್ಲಿನ ಪುಡಿ ಎದ್ದು ಆ ಬಿಳಿ ಪಂಚೆಯ ಮೇಲೆ ಕೂರುತ್ತಿತ್ತು. ನಾನು ನೋಡಲಾರದೆ ಮನೆಗೆ ಬಂದುಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ನೀರು ಬಿತ್ತು. ಬಹಳ ಅಲ್ಲ, ಮನೆಗೆ ಸಾಕು. ಎಲ್ಲರೂ ಅಕ್ಕನ ಕೈ ಹಿಡಿದು ಹೊಗಳಿದರು. ಊಟದ ಗದ್ದಲ ಮುಗಿದ ಮೇಲೆ, ಅತ್ತೆ ಹಿತ್ತಿಲ ಕಲ್ಲಿನ ಮೇಲೆ ಒಬ್ಬರೇ ಕೂತಿದ್ದಾಗ ನಾನು ಹೋಗಿ ಎದುರು ನಿಂತೆ. ಇಷ್ಟು ವರ್ಷದಲ್ಲಿ ಅತ್ತೆಗೆ ನಾನು ಎದುರಾಡಿದ್ದು ತಮಾಷೆಗೆ ಮಾತ್ರ.

"ನಿಮಗೆ ಗೊತ್ತಿರಲಿಲ್ವಾ ಅತ್ತೆ, ಅವರು ಅದಕ್ಕೇ ಕಾಯ್ತಿದ್ರು ಅಂತ? ಅಷ್ಟು ಜನದ ಮುಂದೆ! ನೀವೂ ಅವರ ಕೈಗುಣ ಸರಿಯಿಲ್ಲ ಅಂದ್ಬುಟ್ರಲ್ಲ!"

"ಕೈಗುಣ ಇಲ್ಲ ಅಂತ ನಾನಂದ್ನಾ?" ಅತ್ತೆ ತಲೆ ಎತ್ತಿದರು. ಅತ್ತಿದ್ದರು ಅಂತ ಆಗ ಗೊತ್ತಾಯಿತು. "ನಾನು ನಂಗೆ ಗೊತ್ತಿರೋ ನೆಲ್ದಾಗೆ ನೀರು ಹುಯ್ದೆ. ಅವ್ನು ಕಂಡಿಲ್ದಿರೋ ದೇಶಕ್ಕೋಗಿ ಪಾಯಿಂಟಿಟ್ಟು ಬೀಳಿಸ್ದ. ನನ್ನ ಕೈಗಿಂತ ದೊಡ್ಡ ಕೈ ಕಣಮ್ಮ ಅವಂದು. ನಮ್ಮನೇಲಿ ಅಂಥ ಕೈ ಇರ್ಲಿಲ್ಲ. ಬಿದ್ದಿದ್ನ ಮುಚ್ಚಿ ಬಂದ್ನಲ್ಲ, ಅದ್ಕೆ ಕೊಡ್ನಿಲ್ಲ."

"ಅವರೊಬ್ರು ಬೇಡ ಅಂದಿದ್ರೆ ಕಂಪನಿ ಬಿಡ್ತಿತ್ತಾ? ಬೇರೆಯವರ ಕೈಲಿ ಮುಚ್ಚಿಸ್ತಿತ್ತು."

"ಊ, ಬ್ಯಾರೆಯೋನು ಮುಚ್ತಿದ್ದ," ಅಂದರು ಅತ್ತೆ. "ಮುಚ್ಚಲಿ. ಅವ್ನು ನನ್ನ ಮಗ ಅಲ್ವಲ್ಲ."

ಕಂಪನಿಯ ಸಂಬಳದಲ್ಲಿ ಮಗಳನ್ನು ಓದಿಸಿದವಳು ನಾನು. ಅತ್ತೆಯ ಮೇಲಿನ ಕೋಪ ಹೋಗಲಿಲ್ಲ. ಅದರ ಪಕ್ಕದಲ್ಲೇ, ಅವರು ಹೇಳಿದ್ದು ಸರಿ ಎಂದು ಹೊಟ್ಟೆಯೊಳಗೆ ಯಾರೋ ಹೇಳುತ್ತಿದ್ದರು.

ಸಂಜೆಯ ಬಸ್ಸಿಗೆ ಹೊರಟೆವು. ಇವರು ಕಿಟಕಿಯ ಪಕ್ಕ. ಮತ್ತೆ ಪ್ಯಾಂಟು ಹಾಕಿದ್ದರು, ತಲೆಗೂದಲಲ್ಲಿ ಕಲ್ಲಿನ ಪುಡಿ ಇನ್ನೂ ಇತ್ತು. ಊರು ದಾಟಿದ ಮೇಲೆ ಕೇಳಿದರು:

"ಹಿತ್ಲಾಗೆ ಅಮ್ಮನ ಹತ್ರ ಏನು ಮಾತಾಡ್ತಿದ್ದೆ?"

ಅರ್ಧ ಹೇಳಬಹುದಿತ್ತು. ನಿಮ್ಮದು ದೊಡ್ಡ ಕೈಯಂತೆ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದ್ದರೆ, ಹಿಂದೂಪುರದವರೆಗೂ ಅವರು ಖುಷಿಯಾಗಿ ಬರುತ್ತಿದ್ದರೋ ಏನೋ. ಆ ಒಂದು ಮಾತಿಗಾಗಿ ಅವರು ವರ್ಷಗಟ್ಟಲೆ ಹಂಬಲಿಸಿದ್ದನ್ನು ಕಂಡವಳು ನಾನು. ಆದರೆ ಅರ್ಧ ಮಾತು ಆಡಿ ನನಗೆ ಅಭ್ಯಾಸವಿಲ್ಲ, ಅವರಿಗೆ ಅರ್ಧ ಮಾತು ಹೇಳುವುದು ನನಗೆ ಇಷ್ಟವಾಗಲೂ ಇಲ್ಲ. ಅತ್ತೆ ಅಂದದ್ದನ್ನು ಅಂದ ಹಾಗೇ ಹೇಳಿದೆ. ಬೇರೆಯವನು ನನ್ನ ಮಗ ಅಲ್ಲವಲ್ಲ ಅನ್ನುವುದನ್ನೂ.

ಜಗಳವಾಡುತ್ತಾರೆ ಅಂದುಕೊಂಡಿದ್ದೆ. ರೂಲ್ಸ್ ಮತ್ತೆ ಬಿಡಿಸಿ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಕಿಟಕಿಯ ಕಂಬಿಗೆ ಹಣೆಯಿಟ್ಟು ಹೊರಗೆ ನೋಡುತ್ತಾ ಕೂತರು. ಕಡ್ಲೆಕಾಯಿ ಕಿತ್ತ ಹೊಲಗಳು ಹಿಂದೆ ಹೋದವು. ಪೆನುಕೊಂಡದ ಬೆಟ್ಟ ಕಾಣಿಸಿದಾಗ, ನನ್ನ ಕಡೆ ತಿರುಗದೆಯೇ ಮಾತಾಡಿದರು.

"ಕೊನೇ ದಿನ ಸಿಮೆಂಟ್ ಲಾರಿ ಬಂದು ನಿಂತಿತ್ತು. ಪೈಪ್ ಜೋಡ್ಸಿದ್ರು. ಒಂದು ನಿಮಿಷ ಇರ್ರಿ ಅಂದೆ. ನಾನೇನೋ ನಿಲ್ಲಿಸ್ತೀನಿ ಅಂದ್ಕೊಂಡು ಕೆಲಸದವರು ನನ್ನೇ ನೋಡುದ್ರು. ಗೇಟ್ ಹತ್ರ ಕೂತಿದ್ದ ಹೆಂಗಸ್ರೂ ಹಂಗೇ ಅಂದ್ಕೊಂಡ್ರೇನೋ, ಕ್ಯಾನ್ ಹಿಡ್ಕೊಂಡು ಎದ್ದು ನಿಂತ್ರು."

"ನೀವೇನು ಮಾಡಿದ್ರಿ?"

"ದಾರಿಗೆ ಬೇಕು ಅಂತ ನನ್ನ ಬಾಟ್ಲಿ ತುಂಬಿಸ್ಕೊಂಡೆ," ಅಂದರು. "ಆಮೇಲೆ, ಹೂ, ಹಾಕಿ ಅಂದೆ."